ಐದು ವಿಧಾನಗಳು: ಚಿತ್ರಹಿಂಸೆಗೆ ಬೇರೆ ಹೆಸರಿಟ್ಟಾಗ ಏನಾಯಿತು?

ವಿಶ್ವಸಂಸ್ಥೆಯ ಚಿತ್ರಹಿಂಸೆ ವಿರೋಧಿ ಒಡಂಬಡಿಕೆ 1984ರದ್ದು, ಜಾರಿಗೆ ಬಂದದ್ದು 1987ರಲ್ಲಿ. ಇಷ್ಟು ಎಲ್ಲರಿಗೂ ಗೊತ್ತಿರುತ್ತದೆ. ಅದರ 2ನೇ ವಿಧಿಯನ್ನು ಮಾತ್ರ ಚೆನ್ನಾಗಿ ನೆನಪಿಟ್ಟುಕೊಳ್ಳಿ. ಯುದ್ಧವಿರಲಿ, ತುರ್ತು ಪರಿಸ್ಥಿತಿಯಿರಲಿ, ಮೇಲಧಿಕಾರಿಯ ಆದೇಶವಿರಲಿ, ಯಾವುದೂ ಚಿತ್ರಹಿಂಸೆಗೆ ಸಮರ್ಥನೆಯಲ್ಲ. (ಭಾರತ 1997ರಲ್ಲಿ ಸಹಿ ಹಾಕಿತು, ಆದರೆ ಅನುಮೋದಿಸಿಲ್ಲ. ಸಹಿ ಬೇರೆ, ಅನುಮೋದನೆ ಬೇರೆ: ಅನುಮೋದಿಸಿದರೆ ಮಾತ್ರ ದೇಶ ಅದಕ್ಕೆ ಪೂರ್ತಿ ಬದ್ಧ.)

ನಿಯಮ ಇಷ್ಟು ಸ್ಪಷ್ಟವಾಗಿದೆ. ಹಾಗಿದ್ದರೂ ಬ್ರಿಟನ್, ಅಮೆರಿಕದಂಥ ದೇಶಗಳು ಹೇಗೆ ತಪ್ಪಿಸಿಕೊಂಡವು? ನನಗೆ ಇದು ಅರ್ಥವಾದದ್ದು ಈ ಒಡಂಬಡಿಕೆಗೂ ಹಿಂದಿನ, ಬ್ರಿಟನ್ ಆಳ್ವಿಕೆಯ ಉತ್ತರ ಐರ್ಲೆಂಡಿನ ಒಂದು ಪ್ರಕರಣ ಓದಿದ ಮೇಲೆ.

1971ರ ಆಗಸ್ಟ್. ಬ್ರಿಟಿಷ್ ಸೇನೆ ನ್ಯಾಯಾಲಯದ ವಿಚಾರಣೆಯಿಲ್ಲದೆ ನೂರಾರು ಜನರನ್ನು ಬಂಧಿಸಿತು. ಅವರಲ್ಲಿ 12 ಜನ, ಅಕ್ಟೋಬರ್‌ನಲ್ಲಿ ಹಿಡಿದ ಇನ್ನಿಬ್ಬರು, ಹೀಗೆ 14 ಜನರನ್ನು ಗುಟ್ಟಾದ ಜಾಗಕ್ಕೆ ಒಯ್ದು ಐದು ವಿಧಾನಗಳನ್ನು ಬಳಸಿದರು. ತಲೆಗೆ ಮುಸುಕು. ಕೈ ಮೇಲೆತ್ತಿ ಗೋಡೆಗೊರಗಿ ಗಂಟೆಗಟ್ಟಲೆ ನಿಲ್ಲುವುದು. ನಿಲ್ಲದ ಕರ್ಕಶ ಸದ್ದು. ನಿದ್ದೆ ಕೊಡದಿರುವುದು. ಊಟ, ನೀರು ಸರಿಯಾಗಿ ಕೊಡದಿರುವುದು. ಕೇಳೋಕೆ ಸಣ್ಣದು ಅನಿಸಬಹುದು, ಏಕೆಂದರೆ ಮೈಮೇಲೆ ಗಾಯದ ಗುರುತು ಜಾಸ್ತಿ ಉಳಿಯುವುದಿಲ್ಲ. ಮನಸ್ಸನ್ನು ಮುರಿಯುವುದೇ ಇವುಗಳ ಕೆಲಸ.

1972ರ ಮಾರ್ಚ್‌ನಲ್ಲಿ ಪ್ರಧಾನಿ ಎಡ್ವರ್ಡ್ ಹೀತ್, ಇನ್ನು ಮುಂದೆ ಇವನ್ನು ಬಳಸುವುದಿಲ್ಲ ಎಂದು ಸಂಸತ್ತಿಗೆ ಮಾತು ಕೊಟ್ಟರು. ಐರ್ಲೆಂಡ್ ಸರ್ಕಾರ ಅದಾಗಲೇ ಬ್ರಿಟನ್ ವಿರುದ್ಧ ದೂರು ಕೊಟ್ಟಿತ್ತು. 1976ರಲ್ಲಿ ಯುರೋಪಿನ ಮಾನವ ಹಕ್ಕು ಆಯೋಗ ಇದು ಚಿತ್ರಹಿಂಸೆಯೇ ಎಂದಿತು. ಆದರೆ 1978ರಲ್ಲಿ ಯುರೋಪಿನ ಮಾನವ ಹಕ್ಕು ನ್ಯಾಯಾಲಯ ಒಂದು ಮೆಟ್ಟಿಲು ಕೆಳಗಿಳಿಸಿತು: ಅಮಾನವೀಯ, ಅವಮಾನಕರ ಹೌದು, ಚಿತ್ರಹಿಂಸೆ ಅಲ್ಲ. ಬ್ರಿಟನ್ ಕಾನೂನು ಮುರಿದಿದೆ ಎಂಬುದನ್ನು ಈ ತೀರ್ಪೂ ಒಪ್ಪಿತು, ಇದನ್ನು ಮರೆಯಬೇಡಿ. ಆದರೆ ಆ ಒಂದು ಪದ ಬಿಟ್ಟುಹೋಯಿತು.

ಪದ ಬಿಟ್ಟುಹೋದರೆ ಏನಂತೆ ಅನ್ನಬಹುದು. ಏನಾಯಿತು ನೋಡಿ. 2002ರ ಆಗಸ್ಟ್ 1ರಂದು ಅಮೆರಿಕದ ನ್ಯಾಯ ಇಲಾಖೆಯಲ್ಲಿ ಒಂದು ಮೆಮೊ ತಯಾರಾಯಿತು. ಸಹಿ ಇಲಾಖೆಯ ಹಿರಿಯ ಕಾನೂನು ಅಧಿಕಾರಿ ಜೇ ಬೈಬಿಯವರದು. ಅಂಗ ವೈಫಲ್ಯಕ್ಕೋ ಸಾವಿಗೋ ಸಮನಾದ ನೋವಾದರೆ ಮಾತ್ರ ಅದು ದೈಹಿಕ ಚಿತ್ರಹಿಂಸೆ ಎಂದಿತು ಆ ಮೆಮೊ. ಆಧಾರವಾಗಿ ತೋರಿಸಿದ್ದರಲ್ಲಿ ಆ 1978ರ ತೀರ್ಪೂ ಇತ್ತು! ಅದೇ ತಿಂಗಳು ಸಿಐಎ ಗುಪ್ತ ಜೈಲಿನಲ್ಲಿ ಅಬು ಜುಬೇದಾ ಎಂಬಾತನಿಗೆ 83 ಸಲ ನೀರಿನಿಂದ ಉಸಿರುಗಟ್ಟಿಸಿದರು. ಇದಕ್ಕೆ ಇಟ್ಟ ಹೆಸರು 'ವರ್ಧಿತ ವಿಚಾರಣಾ ವಿಧಾನ'. ಮರುವರ್ಷ ಬೈಬಿ ಫೆಡರಲ್ ನ್ಯಾಯಾಧೀಶರಾದರು.

ಬ್ರಿಟನ್ ಕೊಟ್ಟ ಮಾತೂ ಉಳಿಯಲಿಲ್ಲ. 2003ರ ಸೆಪ್ಟೆಂಬರ್‌ನಲ್ಲಿ ಇರಾಕಿನ ಬಸ್ರಾದಲ್ಲಿ ಬಹಾ ಮೂಸಾ ಎಂಬ ಹೋಟೆಲ್ ನೌಕರನನ್ನು ಬ್ರಿಟಿಷ್ ಸೈನಿಕರು ಹಿಡಿದರು. ಮತ್ತೆ ಮುಸುಕು, ಮತ್ತೆ ನೋವಿನ ಭಂಗಿಯಲ್ಲಿ ನಿಲ್ಲಿಸುವುದು, ಜೊತೆಗೆ ಹೊಡೆತ. ಎರಡೇ ದಿನದಲ್ಲಿ ಆತ ಸತ್ತ. ಮೈಮೇಲೆ 93 ಗಾಯಗಳಿದ್ದವು. ವಯಸ್ಸು 26. ಶಿಕ್ಷೆಯಾದದ್ದು ತಪ್ಪೊಪ್ಪಿಕೊಂಡ ಒಬ್ಬ ಕೆಳಹಂತದ ಕಾರ್ಪೊರಲ್‌ಗೆ, ಅದೂ ಒಂದು ವರ್ಷ. ಹೀತ್ ಹಾಕಿದ ನಿಷೇಧ ಸೇನೆಯೊಳಗೆ ಮರೆತೇ ಹೋಗಿತ್ತು ಎಂದು 2011ರ ತನಿಖಾ ವರದಿ ತೋರಿಸಿತು. ಓದಿ ನನಗೆ ತುಂಬಾ ಸಿಟ್ಟು ಬಂತು.

ಅಮೆರಿಕದಲ್ಲೂ ಇದೇ ಕಥೆ. ಇರಾಕಿನ ಅಬು ಗ್ರೈಬ್ ಜೈಲಿನಲ್ಲಿ ಅಮೆರಿಕದ ಸೈನಿಕರು ಕೈದಿಗಳಿಗೆ ಕೊಟ್ಟ ಹಿಂಸೆಯ ವಿಷಯದಲ್ಲಿ ಕೆಳಹಂತದ 11 ಸೈನಿಕರಿಗೆ ಶಿಕ್ಷೆಯಾಯಿತು. ಸಿಐಎ ಬಂಧಿತರ ಬಗ್ಗೆ ನಡೆದ ತನಿಖೆ 2012ರಲ್ಲಿ ಯಾರ ಮೇಲೂ ಆರೋಪ ಹೊರಿಸದೆ ಮುಗಿಯಿತು. 2014ರ ಸೆನೆಟ್ ಸಮಿತಿ ವರದಿ ಪ್ರಕಾರ 119 ಬಂಧಿತರಲ್ಲಿ ಕನಿಷ್ಠ 26 ಜನರನ್ನು ಹಿಡಿದದ್ದೇ ತಪ್ಪು. ಇದೇ ಅಮೆರಿಕ ಪ್ರತಿವರ್ಷ ಬೇರೆ ದೇಶಗಳ ಮಾನವ ಹಕ್ಕುಗಳ ಬಗ್ಗೆ ವರದಿ ಹೊರಡಿಸುತ್ತದೆ, ಅಲ್ವಾ?

1978ರ ತೀರ್ಪನ್ನು ಬದಲಿಸಿ ಎಂದು ಐರ್ಲೆಂಡ್ ಮತ್ತೆ ಕೇಳಿತು. 2018ರಲ್ಲಿ ನ್ಯಾಯಾಲಯ ಒಪ್ಪಲಿಲ್ಲ. 2021ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟೇ, ಇಂದಿನ ಅಳತೆಯಲ್ಲಿ ಅದು ಚಿತ್ರಹಿಂಸೆ ಎನಿಸಿಕೊಳ್ಳುವ ಸಾಧ್ಯತೆಯೇ ಹೆಚ್ಚು ಎಂದಿತು. ಆ ಹೊತ್ತಿಗೆ 50 ವರ್ಷ ಕಳೆದಿತ್ತು. ಆ 14 ಜನರಲ್ಲಿ ಕೆಲವರು ತೀರಿಹೋಗಿದ್ದರು.