ಪೋರ್ಟೋರಿಕೋ ಧಾಟಿಗೆ ಬೀಳಗಿಯ ಕಂಠ

ವಿಜಯಪುರದ ಮದುವೆ ಮೆರವಣಿಗೆಗಳಲ್ಲಿ ‘ಗೋರೆ ಗೋರೆ, ಓ ಬಾಂಕೆ ಛೋರೆ’ ಇಂದಿಗೂ ಕೇಳಿಬರುವುದುಂಟು. ಕ್ಲಾರಿನೆಟ್ ಒಂದು ಸಾಲು ನುಡಿಸಿ ನಿಲ್ಲುತ್ತದೆ, ಟ್ರಂಪೆಟ್ ಅದಕ್ಕೆ ಉತ್ತರ ಕೊಡುತ್ತದೆ, ಪಕ್ಕದಲ್ಲಿ ಹುಡುಗನೊಬ್ಬ ಗಿಲಕಿ ಆಡಿಸುತ್ತ ಹೆಜ್ಜೆ ಹಾಕುತ್ತಾನೆ. 1950ರ ‘ಸಮಾಧಿ’ ಚಿತ್ರದ ಈ ಹಾಡನ್ನು ಬಹಳಷ್ಟು ಜನ ಲತಾ ಮಂಗೇಶ್ಕರ್ ಅವರ ಹಾಡೆಂದೇ ಗುರುತಿಸುತ್ತಾರೆ. ಜೊತೆಯ ಕಂಠ ನಮ್ಮ ಬೀಳಗಿಯ ಅಮೀರಬಾಯಿ ಕರ್ನಾಟಕಿಯವರದು ಎಂಬುದು ಇಲ್ಲಿಯವರಿಗೇ ಮರೆತುಹೋಗುತ್ತಿರುವುದು ನೋವಿನ ಸಂಗತಿ.

ಹಾಡಿನ ಧಾಟಿ ಹುಟ್ಟಿದ್ದು ಹಾಲಿವುಡ್‌ನಲ್ಲಿ. 1945ರ ‘ಡಾಲ್ ಫೇಸ್’ ಚಿತ್ರದಲ್ಲಿ ಕಾರ್ಮೆನ್ ಮಿರಾಂಡಾ ಹಾಡಿದ, ಪೋರ್ಟೋರಿಕೋದ ಚಿಕೋ ಎಂಬವನನ್ನು ಕುರಿತ ಗೀತೆಗೆ ಸ್ವರ ಹಾಕಿದ ಜಿಮ್ಮಿ ಮೆಕ್‌ಹ್ಯೂ ಅಮೆರಿಕದವರು. ಹಾಡಿದಾಕೆ ಪೋರ್ಚುಗಲ್‌ನಲ್ಲಿ ಹುಟ್ಟಿ ಬ್ರೆಜಿಲ್‌ನಲ್ಲಿ ಬೆಳೆದವರು. ನಾವು ಲ್ಯಾಟಿನ್ ಎಂದು ಕರೆಯುವ ಸೊಗಡು ಅಲ್ಲಿಯೇ ಕಸಿಗೊಂಡಿತ್ತು. ಮುಂಬೈಯ ಹೋಟೆಲುಗಳಲ್ಲಿ ಇಂಥ ಕುಣಿತದ ಸಂಗೀತ ನುಡಿಸುತ್ತಿದ್ದ ಗೋವಾದ ವಾದಕರು ಚಿತ್ರರಂಗದ ವಾದ್ಯವೃಂದಗಳಿಗೂ ಬಂದರು. ಅವರಲ್ಲೊಬ್ಬರಾದ ಚಿಕ್ ಚಾಕೊಲೇಟ್ ಸಂಗೀತ ನಿರ್ದೇಶಕ ಸಿ. ರಾಮಚಂದ್ರ ಅವರಿಗೆ ಸಹಾಯಕರಾಗಿದ್ದರು. ಆ ಧಾಟಿಯನ್ನು ಎತ್ತಿಕೊಂಡ ರಾಮಚಂದ್ರ, ರಾಜೇಂದ್ರ ಕೃಷ್ಣ ಅವರ ಸಾಹಿತ್ಯದೊಂದಿಗೆ ಅದನ್ನು ಎರಡು ದನಿಗಳ ಸವಾಲ್-ಜವಾಬು ಮಾಡಿದರು. ಹಾಡು ಉಳಿದದ್ದು ಇದರಿಂದಲೇ ಎಂದು ನನಗನ್ನಿಸುತ್ತದೆ. ಹರದೇಶಿ-ನಾಗೇಶಿ ಪದಗಳಲ್ಲಿ ಹೆಣ್ಣು ಮೇಲೋ ಗಂಡು ಮೇಲೋ ಎಂದು ರಾತ್ರಿಯಿಡೀ ವಾದಿಸುವುದನ್ನು ಕೇಳಿ ಬೆಳೆದ ಈ ಸೀಮೆಯ ಕಿವಿಗೆ, ಧಾಟಿ ಹೊಸದಾದರೂ ಮಾತಿಗೆ ಮಾತು ಕೊಡುವ ಗತ್ತು ಪರಿಚಿತವಾಗಿತ್ತು.

ಆಗ ಬಿಜಾಪುರ ಜಿಲ್ಲೆಗೆ ಸೇರಿದ್ದ ಬೀಳಗಿ 1956ರವರೆಗೆ ಮುಂಬೈ ಆಡಳಿತದಲ್ಲಿಯೇ ಇತ್ತು. ಈ ಭಾಗದ ಕಲಾವಿದರಿಗೆ ಮುಂಬೈ ದೂರದ ಪರರಾಜ್ಯವಾಗಿರದೆ ತಮ್ಮದೇ ರಾಜಧಾನಿಯಾಗಿತ್ತು. ಅಮೀರಬಾಯಿ ಮತ್ತು ಅವರ ಅಕ್ಕ ಗೋಹರಬಾಯಿ ರಂಗಭೂಮಿಯ ಹಾದಿಯಲ್ಲಿ ಅಲ್ಲಿಗೆ ಹೋದವರು. 1943ರ ‘ಕಿಸ್ಮತ್’ ಹಾಡುಗಳಿಂದ ಅಮೀರಬಾಯಿಯವರ ಹೆಸರು ಮನೆಮಾತಾಯಿತು. ‘ಸಮಾಧಿ’ ಬರುವ ಹೊತ್ತಿಗೆ ಮುಖ್ಯ ಗೀತೆಗಳೆಲ್ಲ ಲತಾ ಅವರ ಪಾಲಾಗತೊಡಗಿದ್ದವು.

1952ರ ನಂತರ, ಸಚಿವ ಬಿ.ವಿ. ಕೇಸ್ಕರ್ ಅವರ ಕಾಲದಲ್ಲಿ, ಆಕಾಶವಾಣಿಯಿಂದ ಚಿತ್ರಗೀತೆಗಳು ಬಹುಮಟ್ಟಿಗೆ ಮರೆಯಾದಾಗ ಕೇಳುಗರು ರೇಡಿಯೊ ಸಿಲೋನಿಗೆ ಕಿವಿಗೊಟ್ಟರು. 1957ರಲ್ಲಿ ವಿವಿಧ ಭಾರತಿ ಬಂದ ಮೇಲೆ ಅವು ಆಕಾಶವಾಣಿಗೆ ಮರಳಿದವು. ಅಮೀರಬಾಯಿ 1965ರಲ್ಲಿ ತೀರಿಕೊಂಡರು. ಹಾಡಿನ ಆರಂಭವನ್ನು ಗಮನವಿಟ್ಟು ಕೇಳಿದರೆ, ಲತಾ ಅವರ ತೆಳುವಾದ, ಚುರುಕಾದ ದನಿಯ ಬೆನ್ನಿಗೇ ತುಸು ಭಾರವಾದ, ನಾಟಕ ಕಂಪನಿಗಳಲ್ಲಿ ಪಳಗಿದ ಮತ್ತೊಂದು ದನಿ ಬಂದು ಜವಾಬು ಹೇಳುತ್ತದೆ.