ಚೆನ್ನಾಗಿರುವ ಕಣ್ಣಿನ ಮೇಲೆಯೇ ನನ್ನ ಗಮನ

ಒಂದು ಕಣ್ಣಿನ ನಡುದೃಷ್ಟಿ ಕಳೆದುಕೊಂಡು ಬರುವ ಹಿರಿಯರು ಆ ಕಣ್ಣಿನ ಬಗ್ಗೆಯೇ ಕೇಳುತ್ತಾರೆ. "ಬಲಗಣ್ಣು ಚೆನ್ನಾಗಿದೆ ಡಾಕ್ಟ್ರೇ, ಪೇಪರ್ ಓದ್ತೀನಿ" ಎಂದು ಅವರು ಹೇಳುವಾಗ ನಾನು ನೋಡುತ್ತಿರುವುದು ಆ ಬಲಗಣ್ಣಿನ ಸ್ಕ್ಯಾನನ್ನೇ. ಕಣ್ಣಿನ ಹಿಂಭಾಗದ ಪರದೆಯಾದ ರೆಟಿನಾದ ನಡುಭಾಗ, ಅಂದರೆ ಮ್ಯಾಕ್ಯುಲಾ, ವಯಸ್ಸಿನಿಂದ ಸವೆಯುವ ಈ ಕಾಯಿಲೆ ಒಂದು ಕಣ್ಣನ್ನು ಕೆಡಿಸಿದ್ದರೆ ಇನ್ನೊಂದಕ್ಕೂ ಅಪಾಯ ಹೆಚ್ಚು.

ಈ ಸ್ಕ್ಯಾನಿನ ಹೆಸರು ಓಸಿಟಿ. 1991ರಲ್ಲಿ ಮೊದಲು ವರದಿಯಾದ ಈ ತಂತ್ರದಲ್ಲಿ ಸೂಜಿಯಿಲ್ಲ, ನೋವಿಲ್ಲ. ಬೆಳಕು ಹಾಯಿಸಿ, ರೆಟಿನಾದ ಪದರಗಳನ್ನು ಅಡ್ಡ ಕತ್ತರಿಸಿದಂತೆ ತೋರಿಸುತ್ತದೆ. ಕಾಯಿಲೆಯ ಗುರುತಾದ ಡ್ರೂಸೆನ್, ಅಂದರೆ ರೆಟಿನಾದಡಿ ಶೇಖರವಾಗುವ ಕಸ, ಚಾಪೆಯಡಿ ಕಾಳು ಸಿಕ್ಕಿದಂತೆ ಉಬ್ಬಿ ಕಾಣುತ್ತದೆ. ಕೆಲವೊಮ್ಮೆ ಆರು ತಿಂಗಳ ನಂತರದ ಸ್ಕ್ಯಾನಿನಲ್ಲಿ ಆ ಉಬ್ಬು ಕುಸಿದಿರುತ್ತದೆ. ಮನೆಯವರಿಗೆ ಸಮಾಧಾನ, ನನಗೆ ಆತಂಕ. ಹಾಗೆ ಕುಸಿದ ಜಾಗದಲ್ಲೇ ಎಷ್ಟೋ ಸಲ ಮುಂದೆ ಜೀವಕೋಶಗಳು ಸತ್ತು ಜಾಗ ಬರಿದಾಗುತ್ತದೆ. ಮೇಲಿನ ಪದರಗಳಲ್ಲಿ ಚದುರಿದ ಹೊಳೆಯುವ ಚುಕ್ಕೆಗಳಿದ್ದರಂತೂ ಮುಂದಿನ ಭೇಟಿಯನ್ನು ಹತ್ತಿರಕ್ಕೆ ತರುತ್ತೇನೆ.

ರೆಟಿನಾದ ಬಣ್ಣದ ಫೋಟೊದಿಂದಲೂ ಅಪಾಯದ ಅಂದಾಜು ಸಿಗುತ್ತದೆ. ವಯಸ್ಸಿನಿಂದ ಬರುವ ಕಣ್ಣಿನ ಕಾಯಿಲೆಗಳ ಕುರಿತ ಅಮೆರಿಕದ ಎಆರ್‌ಇಡಿಎಸ್ ಅಧ್ಯಯನದವರು ಎರಡೂ ಕಣ್ಣುಗಳ ದೊಡ್ಡ ಡ್ರೂಸೆನ್ (125 ಮೈಕ್ರಾನ್ ಮೀರಿದವು) ಮತ್ತು ವರ್ಣದ್ರವ್ಯದ ಬದಲಾವಣೆಗೆ ಸೊನ್ನೆಯಿಂದ ನಾಲ್ಕರವರೆಗೆ ಅಂಕ ಕೊಟ್ಟರು. ಅಂಕ ಸೊನ್ನೆಯಾದರೆ ಐದು ವರ್ಷಗಳಲ್ಲಿ ಕಾಯಿಲೆ ಮುಂದುವರಿದ ಹಂತ ತಲುಪುವ ಸಾಧ್ಯತೆ ಶೇ 0.5ರಷ್ಟು, ನಾಲ್ಕಾದರೆ ಶೇ 50ರಷ್ಟು.

ಕಂಪ್ಯೂಟರ್ ಇದನ್ನು ಇನ್ನೂ ಚೆನ್ನಾಗಿ ಹೇಳೀತೇ ಎಂದು ಹಲವರು ಕೇಳುತ್ತಾರೆ. ಲಂಡನ್ನಿನ ಮೂರ್‌ಫೀಲ್ಡ್ಸ್ ಕಣ್ಣಿನ ಆಸ್ಪತ್ರೆ ಮತ್ತು ಗೂಗಲ್‌ನ ಕೃತಕ ಬುದ್ಧಿಮತ್ತೆ ಕಂಪನಿ ಡೀಪ್‌ಮೈಂಡ್ 2020ರಲ್ಲಿ ಪ್ರಕಟಿಸಿದ ಕೆಲಸ ಇದೇ ಎರಡನೇ ಕಣ್ಣಿನ ಕುರಿತದ್ದು: ಆರು ತಿಂಗಳೊಳಗೆ ರಕ್ತನಾಳ ಸೋರುವ 'ವೆಟ್' ರೂಪಕ್ಕೆ ತಿರುಗುತ್ತದೆಯೇ? ಹಾಗೆ ತಿರುಗಲಿರುವ ಕಣ್ಣುಗಳ ಸ್ಕ್ಯಾನ್‌ಗಳಲ್ಲಿ ಶೇ 80ರಷ್ಟನ್ನು ಹಿಡಿಯುವಂತೆ ಕಂಪ್ಯೂಟರನ್ನು ಹೊಂದಿಸಿದರೆ, ತಿರುಗದ ಪ್ರತಿ 100 ಸ್ಕ್ಯಾನ್‌ಗಳಲ್ಲಿ 45ಕ್ಕೆ ಸುಳ್ಳು ಎಚ್ಚರಿಕೆ. ಅದನ್ನು 10ಕ್ಕೆ ಇಳಿಸಿದರೆ ಹಿಡಿಯುವುದು ಶೇ 34 ಮಾತ್ರ. ಯಾರನ್ನು ಬೇಗ ಕರೆಸಬೇಕೆಂದು ತಿಳಿಯಲು ಇದು ನೆರವಾದೀತು. ಆದರೆ ಇಷ್ಟನ್ನೇ ನಂಬಿ, ಇನ್ನೂ ಸೋರದ ಕಣ್ಣಿಗೆ ಸೋರಿಕೆ ತಡೆಯುವ ಇಂಜೆಕ್ಷನ್ ಚುಚ್ಚಲು ನಾನು ಒಪ್ಪುವುದಿಲ್ಲ.

ಸೋರಲು ಶುರುವಾದ ಮೇಲೆ ಮಾತ್ರ ತಡ ಮಾಡಬಾರದು. ಇಂಜೆಕ್ಷನ್ನಿನ ಫಲ ಆಗ ಉಳಿದಿರುವ ದೃಷ್ಟಿಯನ್ನೇ ಅವಲಂಬಿಸಿದೆ. ಅಪಾಯ ಹೆಚ್ಚಿರುವವರಿಗೆ ಬೀಡಿ, ಸಿಗರೇಟು ಬಿಡಿ ಎನ್ನುತ್ತೇನೆ. ಗೋಡೆಯ ಕ್ಯಾಲೆಂಡರನ್ನೂ ತೋರಿಸುತ್ತೇನೆ. ದಿನಾ ಬೆಳಿಗ್ಗೆ, ಓದುವ ಕನ್ನಡಕ ಹಾಕಿಕೊಂಡು, ಒಂದೊಂದೇ ಕಣ್ಣು ಮುಚ್ಚಿ ಅದರ ಮನೆಗಳ ಗೆರೆ ನೋಡಬೇಕು. ಗೆರೆ ಡೊಂಕಾಗಿ ಕಂಡರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯದೆ ಒಂದೆರಡು ದಿನದಲ್ಲೇ ಬಂದುಬಿಡಿ.