ಐಟಿಐ ಗೆದ್ದ ಕಪ್‌ನಿಂದ ಸೂಪರ್ ಕಪ್‌ವರೆಗೆ: ಬಾಗಿಲು ಕಿರಿದಾದ ಕಥೆ

1977ರಲ್ಲಿ ಕೋಲ್ಕತ್ತದ ಫುಟ್‌ಬಾಲ್ ಕ್ಲಬ್ ಮೋಹನ್ ಬಾಗನ್‌ಗೆ ದೇಶದಲ್ಲಿ ಎದುರಾಳಿಯೇ ಇಲ್ಲ ಎಂಬಂತಿತ್ತು. ಐಎಫ್ಎ ಶೀಲ್ಡ್, ಡುರಾಂಡ್ ಕಪ್, ರೋವರ್ಸ್ ಕಪ್ ಮೂರನ್ನೂ ಒಂದೇ ಋತುವಿನಲ್ಲಿ ಬಾಚಿಕೊಂಡ ವರ್ಷ ಅದು. ಸೆಪ್ಟೆಂಬರಿನಲ್ಲಿ ಪೆಲೆ ತಮ್ಮ ನ್ಯೂಯಾರ್ಕ್ ಕಾಸ್ಮೊಸ್ ತಂಡದ ಜೊತೆ ಈಡನ್ ಗಾರ್ಡನ್ಸ್‌ಗೆ ಬಂದಾಗ ಆ ಪಂದ್ಯವನ್ನೂ ಬಾಗನ್ 2–2ರಲ್ಲಿ ಡ್ರಾ ಮಾಡಿಕೊಂಡಿತು. ಅಂಥ ತಂಡ ಅದೇ ವರ್ಷ ಎರ್ನಾಕುಲಂನಲ್ಲಿ ಒಂದು ಫೈನಲ್ ಸೋತಿತ್ತು. ಸೋಲಿಸಿದ್ದು ಬೆಂಗಳೂರಿನ ದೂರವಾಣಿನಗರದ ಟೆಲಿಫೋನ್ ಕಾರ್ಖಾನೆಯ ತಂಡ, ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್). ಅಂತರ 1–0. ಟೂರ್ನಿಯ ಹೆಸರು ಫೆಡರೇಷನ್ ಕಪ್. ಅದರ ಮೊಟ್ಟಮೊದಲ ಆವೃತ್ತಿಯ ಚಾಂಪಿಯನ್ ಕರ್ನಾಟಕದ ತಂಡ ಎಂಬುದು ಇವತ್ತಿನ ಎಷ್ಟೋ ಫುಟ್‌ಬಾಲ್ ಪ್ರಿಯರಿಗೆ ಗೊತ್ತೇ ಇಲ್ಲ. ಅದು ನನಗೆ ನಿಜಕ್ಕೂ ನೋವಿನ ಸಂಗತಿ.

ಭಾರತದಲ್ಲಿ ಆಗ ಫುಟ್‌ಬಾಲ್ ಟೂರ್ನಿಗಳಿಗೆ ಬರವಿರಲಿಲ್ಲ. ಡುರಾಂಡ್ ಕಪ್ ಶಿಮ್ಲಾದಲ್ಲಿ 1888ರಲ್ಲೇ ಶುರುವಾಗಿತ್ತು. ಮುಂಬೈಯ ರೋವರ್ಸ್ ಕಪ್ 1891ರದ್ದು, ಕೋಲ್ಕತ್ತದ ಐಎಫ್ಎ ಶೀಲ್ಡ್ 1893ರದ್ದು. ರೋವರ್ಸ್ ಕಪ್ ಜೊತೆಗಂತೂ ಬೆಂಗಳೂರಿಗೆ ಹಳೆಯ ನಂಟು: ಬ್ರಿಟಿಷ್ ಸೈನ್ಯದ ತಂಡಗಳೇ ಮೆರೆಯುತ್ತಿದ್ದ ಆ ಟೂರ್ನಿಯನ್ನು 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಗೆದ್ದು, ಮರುವರ್ಷವೂ ಉಳಿಸಿಕೊಂಡಿತ್ತು. ಆದರೆ ಇವೆಲ್ಲ ಆಯಾ ಊರಿನ ಸಂಘಟಕರು ಆಹ್ವಾನ ಕಳಿಸಿ ನಡೆಸುತ್ತಿದ್ದ ಟೂರ್ನಿಗಳು. 1941ರಲ್ಲಿ ಆರಂಭವಾದ ಸಂತೋಷ್ ಟ್ರೋಫಿಯಲ್ಲಿ ಆಡುವುದು ರಾಜ್ಯಗಳ ತಂಡಗಳೇ ಹೊರತು ಕ್ಲಬ್‌ಗಳಲ್ಲ. ರಾಷ್ಟ್ರೀಯ ಲೀಗ್ ಎಂಬುದಂತೂ ಇರಲೇ ಇಲ್ಲ. ದೇಶದ ಅತ್ಯುತ್ತಮ ಕ್ಲಬ್ ಯಾವುದು ಎಂದು ಯಾರಾದರೂ ಕೇಳಿದರೆ ಒಪ್ಪುವಂಥ ಉತ್ತರ ಕೊಡುವ ವ್ಯವಸ್ಥೆ ಇರಲಿಲ್ಲ. ಆ ಕೊರತೆ ತುಂಬಲು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ತಾನೇ ನಡೆಸತೊಡಗಿದ ಟೂರ್ನಿ ಫೆಡರೇಷನ್ ಕಪ್. ಮುಂದೆ ಏಷ್ಯಾ ಮಟ್ಟದ ಕ್ಲಬ್ ಟೂರ್ನಿಗಳಿಗೆ ಭಾರತದಿಂದ ಯಾರು ಹೋಗಬೇಕು ಎಂಬುದಕ್ಕೂ ಇದೇ ದಾರಿಯಾಯಿತು.

ಐಟಿಐನ ಗೆಲುವನ್ನು ಆಕಸ್ಮಿಕ ಎಂದು ತಳ್ಳಿಹಾಕುವುದು ಸುಲಭ. ಬೆಂಗಳೂರಿನ ಅಂದಿನ ಫುಟ್‌ಬಾಲ್ ಬಲ್ಲವರು ಹಾಗೆ ಹೇಳಲಾರರು. ಐಟಿಐ, ಎಚ್ಎಎಲ್, ಎಲ್ಆರ್‌ಡಿಇ, ಎಂಇಜಿ ಮುಂತಾದ ಕಾರ್ಖಾನೆ, ಇಲಾಖೆ, ಸೇನೆಯ ತಂಡಗಳೇ ನಗರದ ಲೀಗ್‌ನ ಬೆನ್ನೆಲುಬು. ಚೆನ್ನಾಗಿ ಆಡುವ ಹುಡುಗನಿಗೆ ಅಲ್ಲಿ ಸಿಗುತ್ತಿದ್ದುದು ಕಾಂಟ್ರ್ಯಾಕ್ಟ್ ಅಲ್ಲ, ಕಾಯಂ ನೌಕರಿ. ಕಾಲು ಉಳುಕಿದರೂ, ವಯಸ್ಸಾಗಿ ಆಟ ನಿಂತರೂ ಸಂಬಳ ನಿಲ್ಲುತ್ತಿರಲಿಲ್ಲ. ಕಂಟೋನ್ಮೆಂಟಿನ ಗಲ್ಲಿಗಳಲ್ಲಿ, ಆಸ್ಟಿನ್ ಟೌನಿನಲ್ಲಿ, ಗೌತಮಪುರದಲ್ಲಿ ಬರಿಗಾಲಲ್ಲಿ ಚೆಂಡು ಒದ್ದು ಬೆಳೆದ ಹುಡುಗರ ಮನೆಗಳಿಗೆ ಆ ಭರವಸೆ ಎಷ್ಟು ದೊಡ್ಡದಾಗಿತ್ತು ಎಂಬುದನ್ನು ಇಂದಿನ ವರ್ಗಾವಣೆ ಮೊತ್ತಗಳ ಲೆಕ್ಕದಲ್ಲಿ ಅಳೆಯಲಾಗದು.

ಕಪ್‌ನ ವಿಜೇತರ ಪಟ್ಟಿಯನ್ನು ಒಮ್ಮೆ ಕಣ್ಣಾಡಿಸಿದರೆ ಭಾರತದಲ್ಲಿ ಫುಟ್‌ಬಾಲ್ ಆಟಗಾರರಿಗೆ ಕಾಲಕಾಲಕ್ಕೆ ಅನ್ನ ಕೊಟ್ಟವರು ಯಾರು ಎಂಬುದೇ ಗೊತ್ತಾಗಿಬಿಡುತ್ತದೆ. ಮೊದಲಿಗೆ ಐಟಿಐ, ಸಾರ್ವಜನಿಕ ಉದ್ಯಮ. ಮೂರನೇ ಆವೃತ್ತಿಯಲ್ಲಿ ಗಡಿ ಭದ್ರತಾ ಪಡೆ. 1978 ಮತ್ತು 1980ರಲ್ಲಿ ಮೋಹನ್ ಬಾಗನ್ ಹಾಗೂ ಈಸ್ಟ್ ಬೆಂಗಾಲ್ ಜಂಟಿ ವಿಜೇತರು. ಎರಡೂ ಫೈನಲ್‌ಗಳು ಡ್ರಾ ಆಗಿ ಕಪ್ ಹಂಚಿಕೆಯಾಯಿತು. ಆಮೇಲೆ ಕೆಲವು ವರ್ಷ ಕೋಲ್ಕತ್ತದ ಮೂರು ದೊಡ್ಡ ಕ್ಲಬ್‌ಗಳದ್ದೇ ದರ್ಬಾರು. ಎಂಬತ್ತರ ದಶಕದ ಕೊನೆಗೆ ಗೋವಾದ ಗಣಿ ಉದ್ಯಮಿಗಳ ಹಣ ಮೈದಾನಕ್ಕಿಳಿಯಿತು. 1988, 1989ರಲ್ಲಿ ಸತತವಾಗಿ ಗೆದ್ದದ್ದು ಸಾಲ್ಗಾವ್ಕರ್. ನಂತರ ಎರಡು ವರ್ಷ ಕೇರಳ ಪೊಲೀಸ್. ವಿ.ಪಿ. ಸತ್ಯನ್, ಐ.ಎಂ. ವಿಜಯನ್, ಸಿ.ವಿ. ಪಾಪ್ಪಚ್ಚನ್, ಯು. ಶರಾಫಲಿ ಅವರಂಥವರಿದ್ದ ಆ ತಂಡ 1990ರಲ್ಲಿ ತ್ರಿಶ್ಶೂರಿನಲ್ಲಿ ಕಪ್ ಎತ್ತಿದಾಗ ಇಡೀ ಕೇರಳ ಅದನ್ನು ತನ್ನದೇ ಗೆಲುವೆಂದು ಹಬ್ಬ ಮಾಡಿತು. 1995ರಲ್ಲಿ ಪಂಜಾಬಿನ ಜವಳಿ ಗಿರಣಿಯ ತಂಡ ಜೆಸಿಟಿ. 2003ರಲ್ಲಿ ಮುಂಬೈಯ ಮಹೀಂದ್ರಾ ಯುನೈಟೆಡ್. ಪೊಲೀಸ್ ಕಾನ್‌ಸ್ಟೆಬಲ್, ಗಿರಣಿ ನೌಕರ, ಟೆಲಿಫೋನ್ ಕಾರ್ಖಾನೆಯ ಕಾರ್ಮಿಕ ಎಲ್ಲರೂ ದೇಶದ ಚಾಂಪಿಯನ್ ಆಗಬಹುದಾಗಿದ್ದ ಟೂರ್ನಿ ಅದು. ಅದರ ನಿಜವಾದ ಘನತೆ ಇದ್ದದ್ದು ಅಲ್ಲಿಯೇ.

1996–97ರಲ್ಲಿ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಆರಂಭವಾಯಿತು. ಮೊದಲ ಚಾಂಪಿಯನ್ ಜೆಸಿಟಿ. ಅಲ್ಲಿಗೆ ದೇಶದ ಅತ್ಯುತ್ತಮ ಕ್ಲಬ್ ಯಾವುದು ಎಂಬ ಪ್ರಶ್ನೆಗೆ ಲೀಗ್ ಉತ್ತರ ಕೊಡತೊಡಗಿತು. ಫೆಡರೇಷನ್ ಕಪ್ ಇನ್ನೇಕೆ ಎಂದು ಕೇಳುವವರು ಹುಟ್ಟಿಕೊಳ್ಳಬೇಕಿತ್ತು. ವಿಚಿತ್ರವೆಂದರೆ ಕಪ್‌ನ ಇತಿಹಾಸದ ಅತಿ ದೊಡ್ಡ ದಿನ ಬಂದದ್ದು ಅದರ ಬೆನ್ನಿಗೇ.

1997ರ ಜುಲೈ 13. ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣ. ಈಸ್ಟ್ ಬೆಂಗಾಲ್–ಮೋಹನ್ ಬಾಗನ್ ಸೆಮಿಫೈನಲ್ ನೋಡಲು ಬಂದವರು 1,31,781 ಮಂದಿ. ಭಾರತದಲ್ಲಿ ಒಂದು ಫುಟ್‌ಬಾಲ್ ಪಂದ್ಯಕ್ಕೆ ದಾಖಲಾದ ಅತಿ ಹೆಚ್ಚು ಪ್ರೇಕ್ಷಕರು ಇವರೇ. ಬಾಗನ್ ಕೋಚ್ ಅಮಲ್ ದತ್ತ ತಮ್ಮ ‘ಡೈಮಂಡ್’ ವ್ಯೂಹದಿಂದ ಎದುರಾಳಿಗಳನ್ನು ಸರಣಿಯಾಗಿ ಸೋಲಿಸುತ್ತ ಬಂದಿದ್ದರು. ಎದುರಿಗಿದ್ದವರು ಪಿ.ಕೆ. ಬ್ಯಾನರ್ಜಿ. ಪಂದ್ಯಕ್ಕೆ ಮುಂಚಿನ ವಾರವೆಲ್ಲ ಇಬ್ಬರು ಕೋಚ್‌ಗಳ ಮಾತಿನ ಸಮರವೇ ಬಂಗಾಳಿ ಪತ್ರಿಕೆಗಳ ತುಂಬ. ಮೈದಾನದಲ್ಲಿ ಬೈಚುಂಗ್ ಭುಟಿಯಾ ಹ್ಯಾಟ್ರಿಕ್ ಬಾರಿಸಿದರು. ಈಸ್ಟ್ ಬೆಂಗಾಲ್ 4–1ರಿಂದ ಗೆದ್ದಿತು. ಫೈನಲ್‌ನಲ್ಲಿ ಅದೇ ಈಸ್ಟ್ ಬೆಂಗಾಲ್ ಅನ್ನು ಸಾಲ್ಗಾವ್ಕರ್ ಸೋಲಿಸಿ ಕಪ್ ಒಯ್ದಿತು ಎಂಬುದು ಹೆಚ್ಚಿನವರ ನೆನಪಿನಲ್ಲಿ ಉಳಿದಿಲ್ಲ. ನಾಕೌಟ್ ಆಟದ ಸೆಳೆತವೇ ಅಂಥದ್ದು. ಒಂದು ಸಂಜೆ, ಒಂದೇ ಅವಕಾಶ, ಸೋತವರು ಮನೆಗೆ. ತಿಂಗಳುಗಟ್ಟಲೆ ನಡೆಯುವ ಲೀಗ್ ಅಂಥ ಸಂಜೆಯನ್ನು ಬಯಸಿದಾಗೆಲ್ಲ ತಂದುಕೊಡಲಾರದು.

ಆ ಸೆಳೆತವನ್ನು ಉಳಿಸಿಕೊಳ್ಳುವ ಕೆಲಸ ಮಾತ್ರ ಆಗಲಿಲ್ಲ. 1999, 2000 ಮತ್ತು 2002ರಲ್ಲಿ ಟೂರ್ನಿ ನಡೆಯಲೇ ಇಲ್ಲ. ನಡೆದಾಗಲೂ ಲೀಗ್ ವೇಳಾಪಟ್ಟಿಯಲ್ಲಿ ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ತುರುಕುವುದು, ಒಂದೋ ಎರಡೋ ಊರಿನಲ್ಲಿ ಎರಡು ವಾರದೊಳಗೆ ಮುಗಿಸುವುದು ರೂಢಿಯಾಯಿತು.

2004ರ ಡಿಸೆಂಬರ್ 5ನ್ನು ಬೆಂಗಳೂರು ಮರೆಯಬಾರದು. ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಗೋವಾದ ಡೆಂಪೊ ಮತ್ತು ಮೋಹನ್ ಬಾಗನ್ ನಡುವಿನ ಫೈನಲ್. ಡೆಂಪೊ ತಂಡದ ಬ್ರೆಜಿಲ್ ಆಟಗಾರ ಕ್ರಿಸ್ಟಿಯಾನೊ ಜೂನಿಯರ್ ಒಂದು ಗೋಲು ಹೊಡೆದಿದ್ದರು. ಎರಡನೆಯದನ್ನು ಗುರಿ ಸೇರಿಸುವ ಹೊತ್ತಿನಲ್ಲೇ ಎದುರಾಳಿ ಗೋಲ್‌ಕೀಪರ್‌ಗೆ ಡಿಕ್ಕಿಯಾಗಿ ಕುಸಿದುಬಿದ್ದರು. ಮತ್ತೆ ಏಳಲಿಲ್ಲ. ಡೆಂಪೊ 2–0ಯಿಂದ ಗೆದ್ದಿತು. ಕಪ್ ಗೆದ್ದುಕೊಟ್ಟವರು ಜೀವಂತವಿರಲಿಲ್ಲ. ಅವರು ತೊಡುತ್ತಿದ್ದ 10ನೇ ಸಂಖ್ಯೆಯ ಜೆರ್ಸಿಯನ್ನು ಕ್ಲಬ್ ನಿವೃತ್ತಗೊಳಿಸಿತು. ಮೈದಾನದಲ್ಲಿ ತುರ್ತು ಚಿಕಿತ್ಸೆಯ ವ್ಯವಸ್ಥೆ ಹೇಗಿತ್ತು ಎಂಬ ಪ್ರಶ್ನೆ ದೇಶದ ತುಂಬ ಎದ್ದಿತು. ರಾಷ್ಟ್ರೀಯ ಕಪ್ ಒಂದರ ಫೈನಲ್‌ಗೆ ಬೇಕಾದ ಸಿದ್ಧತೆಯ ಬಗ್ಗೆ ಅಂಥ ಪ್ರಶ್ನೆ ಏಳಲು ಒಬ್ಬ ಆಟಗಾರನ ಪ್ರಾಣವೇ ಹೋಗಬೇಕಾಯಿತು ಎಂಬುದು ಇಂದಿಗೂ ಎದೆಗೆ ಚುಚ್ಚುವ ಮಾತು.

ಇಲ್ಲಿ ಇಂಗ್ಲೆಂಡಿನ ಲೀಗ್ ಕಪ್ ಕಡೆಗೊಮ್ಮೆ ನೋಡಬೇಕು. ಅಲ್ಲಿ ಎಫ್ಎ ಕಪ್ ಎಂಬ ಹಿರಿಯ ಟೂರ್ನಿ ಇರುವಾಗಲೇ, ಲೀಗ್‌ನ ಕಾರ್ಯದರ್ಶಿ ಅಲನ್ ಹಾರ್ಡೇಕರ್ ಹಟ ಹಿಡಿದು 1960–61ರಲ್ಲಿ ಲೀಗ್ ಕ್ಲಬ್‌ಗಳಿಗೆಂದೇ ಇನ್ನೊಂದು ಕಪ್ ಶುರು ಮಾಡಿದರು. ಆಗಷ್ಟೇ ಮೈದಾನಗಳಿಗೆ ಹೊನಲು ಬೆಳಕು ಬಂದಿತ್ತು, ವಾರದ ನಡುವೆ ರಾತ್ರಿ ಪಂದ್ಯ ಆಡಿಸಬಹುದಿತ್ತು. ಮೊದಲ ಕೆಲವು ವರ್ಷ ಹಲವು ದೊಡ್ಡ ಕ್ಲಬ್‌ಗಳು ಅದರತ್ತ ತಿರುಗಿಯೂ ನೋಡಲಿಲ್ಲ. 1967ರಲ್ಲಿ ಫೈನಲ್ ಅನ್ನು ವೆಂಬ್ಲಿಗೆ ತಂದರು, ಗೆದ್ದವರಿಗೆ ಯುರೋಪಿನ ಟೂರ್ನಿಯ ದಾರಿ ತೆರೆದರು. ಆ ಮೊದಲ ವೆಂಬ್ಲಿ ಫೈನಲ್‌ನಲ್ಲೇ ಮೂರನೇ ಡಿವಿಷನ್‌ನ ಕ್ವೀನ್ಸ್ ಪಾರ್ಕ್ ರೇಂಜರ್ಸ್ 0–2ರ ಹಿನ್ನಡೆಯಿಂದ ಎದ್ದು 3–2ರಿಂದ ಗೆದ್ದುಬಿಟ್ಟಿತು. ಇಂದಿಗೂ ನಾಲ್ಕು ಹಂತಗಳ 92 ಕ್ಲಬ್‌ಗಳಿಗೂ ಅಲ್ಲಿ ಪ್ರವೇಶವಿದೆ. ಅಲ್ಲಿಯೂ ದೊಡ್ಡ ಕ್ಲಬ್‌ಗಳು ಮೀಸಲು ಆಟಗಾರರನ್ನು ಇಳಿಸುತ್ತವೆ, ಪಂದ್ಯಗಳು ಹೆಚ್ಚಾದವು ಎಂದು ಗೊಣಗುತ್ತವೆ. ಆದರೂ 2025ರಲ್ಲಿ ಅದನ್ನು ಗೆದ್ದ ನ್ಯೂಕ್ಯಾಸಲ್‌ಗೆ ಅದು 70 ವರ್ಷಗಳ ಬಳಿಕ ದಕ್ಕಿದ ದೇಶೀಯ ಟ್ರೋಫಿ. ಊರಿಗೆ ಊರೇ ಬೀದಿಗಿಳಿಯಿತು. ಕ್ಯಾಲೆಂಡರಿನಲ್ಲಿ ಖಾಯಂ ಜಾಗ, ಗೆದ್ದವರಿಗೆ ಹೊರಗಿನ ದಾರಿ, ಕೆಳಗಿನವರಿಗೂ ತೆರೆದ ಬಾಗಿಲು, ಇವು ಮೂರೂ ಇದ್ದುದರಿಂದ ಆ ಕಪ್ ಬದುಕಿತು.

ನಮ್ಮಲ್ಲಿ ಎರಡನೆಯದು ಮಾತ್ರ ಆಗಾಗ ಇತ್ತು. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ 2015ರ ಜನವರಿಯಲ್ಲಿ ಗೋವಾದಲ್ಲಿ ಡೆಂಪೊ ತಂಡವನ್ನು ಅದರ ನೆಲದಲ್ಲೇ 2–1ರಿಂದ ಸೋಲಿಸಿ ಫೆಡರೇಷನ್ ಕಪ್ ಗೆದ್ದಿತು. ಐಟಿಐ ನಂತರ ಬೆಂಗಳೂರಿಗೆ ಈ ಕಪ್ ಮರಳಲು ಸುಮಾರು ನಾಲ್ಕು ದಶಕ ಬೇಕಾಯಿತು. 2017ರ ಮೇ ತಿಂಗಳಲ್ಲಿ ಕಟಕ್‌ನ ಬಾರಾಬತಿಯಲ್ಲಿ ಸಿ.ಕೆ. ವಿನೀತ್ ಹೆಚ್ಚುವರಿ ಅವಧಿಯಲ್ಲಿ ಹೊಡೆದ ಎರಡು ಗೋಲುಗಳಿಂದ ಮೋಹನ್ ಬಾಗನ್ ಅನ್ನು ಮಣಿಸಿ ಮತ್ತೊಮ್ಮೆ ಗೆದ್ದಿತು. ಅದೇ ಕೊನೆಯ ಫೆಡರೇಷನ್ ಕಪ್. ಮೊದಲನೆಯದೂ ಬೆಂಗಳೂರಿಗೆ, ಕೊನೆಯದೂ ಬೆಂಗಳೂರಿಗೆ. ಎರಡೂ ಫೈನಲ್‌ಗಳಲ್ಲಿ ಸೋತದ್ದು ಅದೇ ಬಾಗನ್.

2014ರಲ್ಲಿ ಬಂದ ಇಂಡಿಯನ್ ಸೂಪರ್ ಲೀಗ್ ಅಷ್ಟರಲ್ಲಿ ಲೆಕ್ಕಾಚಾರವನ್ನೆಲ್ಲ ಬದಲಿಸಿತ್ತು. ಒಂದು ಕಡೆ ಹಣ, ಟಿ.ವಿ., ತಾರೆಯರ ಐಎಸ್ಎಲ್. ಇನ್ನೊಂದು ಕಡೆ ರಾಷ್ಟ್ರೀಯ ಫುಟ್‌ಬಾಲ್ ಲೀಗ್‌ನ ಜಾಗಕ್ಕೆ ಬಂದಿದ್ದ, ಹಳೆಯ ಕ್ಲಬ್‌ಗಳ ಐ–ಲೀಗ್. ಎರಡೂ ಕಡೆಯವರು ಒಂದೇ ಟೂರ್ನಿಯಲ್ಲಿ ಎದುರಾಗಲಿ ಎಂದು ಫೆಡರೇಷನ್ ಕಪ್ ಬದಲಿಗೆ 2018ರಲ್ಲಿ ಸೂಪರ್ ಕಪ್ ತಂದರು. ಎರಡೂ ಲೀಗ್‌ಗಳ ತಲಾ 10 ಕ್ಲಬ್‌ಗಳಿಗೆ ಅವಕಾಶವಿತ್ತು. ಭುವನೇಶ್ವರದ ಫೈನಲ್‌ನಲ್ಲಿ ಬೆಂಗಳೂರು ಎಫ್‌ಸಿ ಈಸ್ಟ್ ಬೆಂಗಾಲ್ ಅನ್ನು 4–1ರಿಂದ ಸೋಲಿಸಿತು, ಸುನಿಲ್ ಚೆಟ್ರಿ ಎರಡು ಗೋಲು ಹೊಡೆದರು. ಮರುವರ್ಷವೇ ಒಡಕು ಬಯಲಾಯಿತು. ತಮ್ಮ ಲೀಗ್‌ನ ಭವಿಷ್ಯದ ಬಗ್ಗೆ ಫೆಡರೇಷನ್ ಸ್ಪಷ್ಟ ಮಾತು ಕೊಡುತ್ತಿಲ್ಲ ಎಂದು ಐ–ಲೀಗ್‌ನ ಹಲವು ಕ್ಲಬ್‌ಗಳು 2019ರ ಸೂಪರ್ ಕಪ್‌ನಿಂದ ಹೊರಗುಳಿದವು. ಎಫ್‌ಸಿ ಗೋವಾ ಗೆದ್ದ ಆ ಆವೃತ್ತಿಯ ನಂತರ 2023ರವರೆಗೆ ಸೂಪರ್ ಕಪ್ ಇಲ್ಲವೇ ಇಲ್ಲ.

ಮತ್ತೆ ಶುರುವಾದಾಗ ಬಾಗಿಲು ವರ್ಷದಿಂದ ವರ್ಷಕ್ಕೆ ಕಿರಿದಾಯಿತು. 2024ರಲ್ಲಿ 16 ತಂಡಗಳ ಪೈಕಿ ಐ–ಲೀಗ್‌ನವು 4. 2025ರ ಏಪ್ರಿಲ್‌ನಲ್ಲಿ 3, ಅದರಲ್ಲೂ ಚರ್ಚಿಲ್ ಬ್ರದರ್ಸ್ ಹಿಂದೆ ಸರಿಯಿತು. ಮೊದಲ ಸುತ್ತಿನಲ್ಲಿ ಸೋತರೆ ಅದೇ ಕೊನೆ ಎಂಬ ನೇರ ನಾಕೌಟ್ ಅದು. ಗೆದ್ದ ಎಫ್‌ಸಿ ಗೋವಾಕ್ಕೆ ಸಿಕ್ಕ ಪ್ರತಿಫಲ ಮಾತ್ರ ದೊಡ್ಡದು: ಏಷ್ಯಾದ ಚಾಂಪಿಯನ್ಸ್ ಲೀಗ್ ಟೂ ಅರ್ಹತಾ ಪಂದ್ಯದಲ್ಲಿ ಒಮಾನ್‌ನ ಅಲ್ ಸೀಬ್ ಅನ್ನು ಮಣಿಸಿ, ಅಕ್ಟೋಬರಿನಲ್ಲಿ ಸೌದಿ ಅರೇಬಿಯಾದ ಅಲ್ ನಸ್ರ್ ತಂಡವನ್ನು ಗೋವಾದ ಫತೋರ್ಡಾದಲ್ಲಿ ಎದುರಿಸಿತು. ಅಲ್ ನಸ್ರ್‌ನ ತಾರೆ ರೊನಾಲ್ಡೊ ಬರಲಿಲ್ಲ, ಗೋವಾ 1–2ರಿಂದ ಸೋತಿತು. ಆದರೂ ಅಂಥ ತಂಡ ಪಂದ್ಯದ ಅಂಕಗಳಿಗಾಗಿ ಭಾರತಕ್ಕೆ ಬಂದು ಬೆವರು ಹರಿಸಿದ್ದಕ್ಕೆ ಕಾರಣ ಈ ಕಪ್.

ಅದೇ ವರ್ಷ ಐಎಸ್ಎಲ್ ನಡೆಸುವ ಹಕ್ಕಿನ ಒಪ್ಪಂದದ ಬಿಕ್ಕಟ್ಟಿನಿಂದ ಲೀಗ್ ಆರಂಭವಾಗದೆ ನಿಂತುಹೋಯಿತು. ಕ್ಲಬ್‌ಗಳಿಗೆ ಆಡಲು ಏನಾದರೂ ಬೇಕಿತ್ತು. ಆಗ ಮುಂದೆ ತಂದು ನಿಲ್ಲಿಸಿದ್ದು ಸೂಪರ್ ಕಪ್ಪನ್ನೇ. ಲೀಗ್ ಇಲ್ಲದಿದ್ದಾಗ ಹುಟ್ಟಿದ್ದ ಕಪ್‌ನ ವಾರಸುದಾರನಿಗೆ ಮತ್ತೆ ಲೀಗ್ ಇಲ್ಲದ ಹೊತ್ತನ್ನು ಹೊರುವ ಕೆಲಸ. ಗೋವಾದಲ್ಲಿ ನಡೆದ ಆ ಟೂರ್ನಿಯ ಫೈನಲ್‌ನಲ್ಲಿ ಎಫ್‌ಸಿ ಗೋವಾ ಡಿಸೆಂಬರಿನಲ್ಲಿ ಈಸ್ಟ್ ಬೆಂಗಾಲ್ ಅನ್ನು ಪೆನಾಲ್ಟಿ ಶೂಟೌಟ್‌ನಲ್ಲಿ ಸೋಲಿಸಿತು.

ನನ್ನ ಮಟ್ಟಿಗೆ ಆ ಟೂರ್ನಿಯ ಸುದ್ದಿ ಫೈನಲ್ ಅಲ್ಲ, ಡೆಂಪೊ. 2016ರಲ್ಲಿ ರಾಷ್ಟ್ರೀಯ ಲೀಗ್‌ನಿಂದ ಹೊರನಡೆದು, ಗೋವಾದ ಸ್ಥಳೀಯ ಲೀಗ್‌ನಲ್ಲಿ ಆಡಿಕೊಂಡಿದ್ದು, ಕೆಳಗಿನ ಹಂತಗಳನ್ನು ಒಂದೊಂದಾಗಿ ಹತ್ತಿ ಐ–ಲೀಗ್‌ಗೆ ಮರಳಿದ ಕ್ಲಬ್ ಅದು. ಗುಂಪಿನ ಪಂದ್ಯಗಳಲ್ಲಿ ಈಸ್ಟ್ ಬೆಂಗಾಲ್ ಜೊತೆ 2–2, ಮೋಹನ್ ಬಾಗನ್ ಜೊತೆ 0–0. ಬಾಗನ್ ಸೆಮಿಫೈನಲ್ ತಲುಪದೇ ಇದ್ದುದರಲ್ಲಿ ಆ ಡ್ರಾದ ಪಾಲೂ ಇದೆ. ಬೆಂಗಳೂರಿನಲ್ಲಿ ಎಸ್‌ಸಿ ಬೆಂಗಳೂರು ಕೂಡ ಅದೇ ಮೆಟ್ಟಿಲು ಹತ್ತಿ 2024–25ರಲ್ಲಿ ಐ–ಲೀಗ್ ಆಡಿತು, ಒಂದೇ ಋತುವಿನಲ್ಲಿ ಕೆಳಗಿಳಿಯಿತು. ಏಪ್ರಿಲ್‌ನ ಸೂಪರ್ ಕಪ್‌ನಲ್ಲಿ ಐ–ಲೀಗ್‌ಗಿದ್ದ ಮೂರು ಜಾಗಗಳಲ್ಲಿ ಅದಕ್ಕೆ ಪಾಲಿರಲಿಲ್ಲ. ನಗರದ ಲೀಗ್ ಆದ ಬೆಂಗಳೂರು ಸೂಪರ್ ಡಿವಿಷನ್ ಗೆದ್ದ ತಂಡಕ್ಕೆ ದೇಶದ ಕಪ್‌ನ ಮೊದಲ ಸುತ್ತಿನಲ್ಲಿ, ಅರ್ಹತಾ ಪಂದ್ಯದ ಮೂಲಕವಾದರೂ ಸರಿ, ಒಂದು ಜಾಗ ಬೇಕು. ಕೇರಳ, ಗೋವಾ, ಮಣಿಪುರ, ಮಿಜೋರಾಂ, ಬಂಗಾಳದ ಲೀಗ್ ಗೆದ್ದವರಿಗೂ ಬೇಕು. ಫೆಡರೇಷನ್ ಮುಂದಿನ ಕ್ಯಾಲೆಂಡರ್ ಬರೆಯಲು ಕೂತಾಗ ಮೊದಲು ತುಂಬಬೇಕಾದ ಸಾಲು ಅದು.